ಬಾಲ ಡೊಂಕಿರಲಿ ಬಿಡಿ, ಮಾತು ಕೇಳಿದರೆ ಸಾಕು!

ನಾಯಿಯ ಬಾಲದ ಮೇಲೆ ನಮ್ಮ ಹಿರಿಯರಿಗೆ ಅದೇನು ಸಿಟ್ಟೋ! ಯಾರಾದರೂ ಬುದ್ಧಿ ಬದಲಾಯಿಸಿಕೊಳ್ಳದೇ ಇದ್ದರೆ ‘ನಾಯಿ ಬಾಲ ಯಾವತ್ತಿದ್ರೂ ಡೊಂಕೇ’ ಅಂತಾರೆ. ಹೇಳಿದ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ‘ನಾಯಿಗೆ ಹೇಳಿದ್ರೆ ಅದು ತನ್ನ ಬಾಲಕ್ಕೆ ಹೇಳ್ತಂತೆ’ ಅಂತಾರೆ. ನಮ್ಮ ಮಿನಿ ಪ್ರಾಜೆಕ್ಟ್ ಬ್ಯಾಚನ್ನು ನೋಡಿದರೆ ಎರಡನೇ ಗಾದೆ ಸುಳ್ಳಲ್ಲ ಅನಿಸುತ್ತದೆ. ಆದರೆ ಮೊದಲನೆಯದರ ಬಗ್ಗೆ ನನ್ನದೊಂದು ತಕರಾರಿದೆ. ಬಾಲ ಡೊಂಕಾಗುವುದು ಮೂಳೆಗೂ ವಂಶವಾಹಿಗೂ ಬಿಟ್ಟ ವಿಷಯ. ನಾಯಿಯ ನಡತೆ ಹಾಗಲ್ಲ, ಅದರ ಬಹುಪಾಲು ಕಲಿತು ಬರುವಂಥದ್ದು. ಕಲಿಸುವವರು ಯಾರು ಅನ್ನುವುದೇ ಪ್ರಶ್ನೆ.

ಈಗ ಎಲ್ಲರ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲೂ ಒಂದು ನಾಯಿಮರಿ ಇದೆ. ಹುಟ್ಟುಹಬ್ಬಕ್ಕೆ ಗೆಳತಿಗೆ ಲ್ಯಾಬ್ರಡಾರ್ ಮರಿ ಕೊಟ್ಟವರಿದ್ದಾರೆ, ಬಾಡಿಗೆ ರೂಮಿನಲ್ಲಿ ಹಸ್ಕಿ ತಂದಿಟ್ಟುಕೊಂಡವರಿದ್ದಾರೆ. ಆರು ತಿಂಗಳ ನಂತರ ಅದೇ ಸ್ಟೇಟಸ್‌ನಲ್ಲಿ ‘ಯಾರಿಗಾದರೂ ನಾಯಿ ಬೇಕಾ, ಫ್ರೀಯಾಗಿ ಕೊಡ್ತೀವಿ’ ಅನ್ನುವ ಸಾಲು ಬರುತ್ತದೆ. ಕಾರಣ ಕೇಳಿದರೆ ಕಚ್ಚುತ್ತೆ, ಬೊಗಳುತ್ತೆ, ಎಲ್ಲೆಂದರಲ್ಲಿ ಗಲೀಜು ಮಾಡುತ್ತೆ. ಅಂದರೆ ನಾಯಿ ನಾಯಿಯಂತೆಯೇ ಇದೆ, ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿಲ್ಲ ಅಷ್ಟೇ.

ನಾನು ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮೂರನೇ ವರ್ಷದ ಬಿಇ ವಿದ್ಯಾರ್ಥಿನಿ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಒಂದು ಬೀದಿಮರಿ ಬಂತು. ಪಕ್ಕದ ಸೈಟಿನಲ್ಲಿ ಮರಿ ಹಾಕಿದ್ದ ತಾಯಿ ಲಾರಿಗೆ ಸಿಕ್ಕಿತ್ತು. ಉಳಿದ ಮರಿಗಳನ್ನು ಯಾರ್ಯಾರೋ ಒಯ್ದರು, ಕಪ್ಪು ಮರಿಯೊಂದು ಉಳಿಯಿತು. ಹೆಚ್ಚೆಂದರೆ ಎರಡು ತಿಂಗಳಿನದು. ನಾನು ‘ಪಿಕ್ಸೆಲ್’ ಅಂತ ಹೆಸರಿಟ್ಟೆ. ಅಜ್ಜಿಗೆ ಅದು ಬಾಯಿಗೆ ಬರಲಿಲ್ಲ, ‘ಕರಿಯ’ ಅಂದರು. ಹಾಲನ್ನ ಕಲಸಿಕೊಡುವವರು ಇಟ್ಟ ಹೆಸರೇ ಗೆದ್ದಿತು!

ಖುಷಿ ಮೂರು ದಿನವೂ ಇರಲಿಲ್ಲ. ಕೆಳಗಿನ ಮನೆಯ ಓನರ್ ಅಂಕಲ್ ಮೆಟ್ಟಿಲ ಬಳಿ ನಿಂತು ಖಡಾಖಂಡಿತವಾಗಿ ಹೇಳಿದರು: “ಒಂದು ತಿಂಗಳು ನೋಡ್ತೀನಮ್ಮ. ರಾತ್ರಿ ನಿದ್ದೆ ಕೆಡಬಾರದು, ಮೆಟ್ಟಿಲು ಗಲೀಜಾಗಬಾರದು. ಇಲ್ಲಾಂದ್ರೆ ನಾಯೀನಾದ್ರೂ ಬಿಡಿ, ಮನೆನಾದ್ರೂ ಬಿಡಿ.” ಅಮ್ಮನ ಭಯ ಬೇರೆಯೇ ಇತ್ತು. ಅಜ್ಜಿಗೆ ಎಪ್ಪತ್ನಾಲ್ಕು ವರ್ಷ. ಹೋದ ವರ್ಷವಷ್ಟೇ ಸೊಂಟದ ಮೂಳೆಗೆ ಪ್ಲೇಟ್ ಹಾಕಿಸಿಕೊಂಡು ಕೋಲು ಹಿಡಿದು ಓಡಾಡುವವರು. ಕರಿಯನಿಗೆ ಅಜ್ಜಿಯ ಸೀರೆಯಂಚು ಕಂಡರೆ ಸಾಕು, ಹಿಡಿದು ಜಗ್ಗುತ್ತಿದ್ದ. “ಇನ್ನೊಂದ್ಸಲ ಅತ್ತೆ ಬಿದ್ರೆ ಏನೇ ಗತಿ?” ಅನ್ನುವ ಅಮ್ಮನ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕೈಯಲ್ಲಿ ಇದ್ದದ್ದು ರಜೆಯ ನಾಲ್ಕು ವಾರ.

ಪಾವ್ಲೋವ್ ತಾತನಿಂದ ಬಟನ್ ಪೆನ್ನಿನವರೆಗೆ

ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರಿಗೆ ‘ಫೀಡ್‌ಬ್ಯಾಕ್’ ಹೊಸ ಪದವೇನಲ್ಲ. ಹೊರಬಂದ ಫಲಿತಾಂಶವನ್ನು ನೋಡಿ ಮುಂದಿನ ಹೆಜ್ಜೆಯನ್ನು ತಿದ್ದುವುದು, ಅಷ್ಟೇ. ಫೀಡ್‌ಬ್ಯಾಕ್ ತಡವಾದರೆ ಇಡೀ ಸಿಸ್ಟಮ್ ಹೊಯ್ದಾಡುತ್ತದೆ. ನಾಯಿಗೆ ಕಲಿಸುವುದರ ಗುಟ್ಟೂ ಇಲ್ಲೇ ಇದೆ.

ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆದರೆ ಜಗತ್ತು ಅವರನ್ನು ನೆನಪಿಟ್ಟುಕೊಂಡದ್ದು ನಾಯಿಗಳ ಜೊಲ್ಲಿನಿಂದ. ಊಟ ಬಾಯಿಗೆ ಬೀಳುವ ಮೊದಲೇ, ಊಟದ ಸೂಚನೆ ಸಿಕ್ಕ ಕೂಡಲೇ ನಾಯಿಗಳು ಜೊಲ್ಲು ಸುರಿಸುವುದನ್ನು ಅವರು ಗಮನಿಸಿದರು. ನಮ್ಮ ಮನೆಯಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ‘ಟಣ್’ ಅಂದರೆ ಕರಿಯ ಎಲ್ಲಿದ್ದರೂ ಹಾಜರ್. ಅದೇ ಪಾವ್ಲೋವ್ ಪಾಠ: ಎರಡು ಸಂಗತಿಗಳು ಮತ್ತೆ ಮತ್ತೆ ಒಟ್ಟಿಗೆ ಬಂದರೆ ನಾಯಿ ಅವನ್ನು ಜೋಡಿಸಿಕೊಳ್ಳುತ್ತದೆ.

ಎರಡನೇ ಪಾಠ ಅಮೆರಿಕದ ಬಿ.ಎಫ್. ಸ್ಕಿನ್ನರ್ ಅವರದು. ಯಾವ ಕೆಲಸದ ಹಿಂದೆಯೇ ಲಾಭ ಸಿಗುತ್ತದೋ ಆ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ, ಲಾಭವಿಲ್ಲದ್ದನ್ನು ನಿಧಾನವಾಗಿ ಬಿಡುತ್ತದೆ. ಇಲ್ಲಿ ‘ಹಿಂದೆಯೇ’ ಅನ್ನುವುದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಮರಿ ಕೂತ ಒಂದೆರಡು ಸೆಕೆಂಡಿನೊಳಗೆ ತಿಂಡಿ ಸಿಗಬೇಕು. ಅಡುಗೆಮನೆಗೆ ಹೋಗಿ ಬಿಸ್ಕತ್ತು ಹುಡುಕಿ ತರುವಷ್ಟರಲ್ಲಿ ಅದು ಎದ್ದು ಚಪ್ಪಲಿ ಕಚ್ಚುತ್ತಿದ್ದರೆ, ನೀವು ಬಹುಮಾನ ಕೊಟ್ಟದ್ದು ಚಪ್ಪಲಿ ಕಚ್ಚಿದ್ದಕ್ಕೆ!

ಈ ಸೆಕೆಂಡಿನ ಅಂತರ ತುಂಬುವುದಕ್ಕೇ ಕ್ಲಿಕ್ಕರ್ ಅನ್ನುವ ಪುಟ್ಟ ಸಾಧನ ಇರುವುದು. ಕ್ಯಾರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದವರು. ನೀರಿನಲ್ಲಿರುವ ಡಾಲ್ಫಿನ್‌ಗೆ ಸರಪಳಿ ಹಾಕಲಾಗದು, ಹೊಡೆಯಲಂತೂ ಆಗದು. ಹಾಗಾಗಿ ಸರಿಯಾದ ಕ್ಷಣಕ್ಕೆ ಸೀಟಿ, ಆಮೇಲೆ ಮೀನು. ಇದೇ ಕ್ರಮವನ್ನು ನಾಯಿ, ಬೆಕ್ಕು, ಕೊನೆಗೆ ಮನುಷ್ಯರಿಗೂ ಅನ್ವಯಿಸಿ 1984ರಲ್ಲಿ ಅವರು ಬರೆದ ‘ಡೋಂಟ್ ಶೂಟ್ ದ ಡಾಗ್’ ತರಬೇತುದಾರರ ಲೋಕದಲ್ಲಿ ಹೆಸರುವಾಸಿ. ನಾನು ದುಡ್ಡು ಕೊಟ್ಟು ಕ್ಲಿಕ್ಕರ್ ಕೊಳ್ಳಲಿಲ್ಲ. ಇಂಟರ್ನಲ್ಸ್ ಬರೆದ ಬಟನ್ ಪೆನ್ನೇ ಸಾಕಾಯಿತು. ಮೊದಲ ದಿನ ‘ಟಕ್’ ಅನ್ನಿಸಿ ಕಾಳಿನಷ್ಟು ಚಪಾತಿ ಚೂರು ಕೊಡುವುದು, ಹೀಗೆ ಹತ್ತಿಪ್ಪತ್ತು ಸಲ. ಆಮೇಲೆ ‘ಟಕ್’ ಅಂದರೆ ಕರಿಯನ ಲೆಕ್ಕದಲ್ಲಿ ‘ಸರಿ ಮಾಡಿದೆ, ತಿಂಡಿ ಬರ್ತಾ ಇದೆ’ ಎಂದೇ ಅರ್ಥ.

ಮೆಟ್ಟಿಲ ಸಮಸ್ಯೆ

ಗಲೀಜಿನ ವಿಷಯದಲ್ಲಿ ಮರಿಯ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ. ಅದರ ಮೂತ್ರಕೋಶವೇ ಪುಟ್ಟದು. ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆಯೇ ಗರಿಷ್ಠ, ಎಚ್ಚರವಿದ್ದು ಆಡುತ್ತಿದ್ದರೆ ಅದಕ್ಕಿಂತ ಕಡಿಮೆ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೆಲವೇ ನಿಮಿಷಕ್ಕೆ, ಆಟದ ನಂತರ ಮತ್ತು ಮಲಗುವ ಮೊದಲು ಹೊರಗೆ ಕರೆದೊಯ್ಯಬೇಕು. ಮರಿ ಆಟ ನಿಲ್ಲಿಸಿ ನೆಲ ಮೂಸುತ್ತಾ ಸುತ್ತು ಹೊಡೆಯುತ್ತಿದೆ ಅಂದರೆ ಸಮಯ ಬಂದಿದೆ ಅಂತಲೇ ಅರ್ಥ.

ನಾನು ಟೈಮ್ ಟೇಬಲ್ ಮಾಡಿ ಫ್ರಿಜ್‌ಗೆ ಅಂಟಿಸಿದೆ. ಕರಿಯನನ್ನು ಎತ್ತಿಕೊಂಡೇ ಮೆಟ್ಟಿಲಿಳಿದು ಪ್ರತಿ ಸಲವೂ ಖಾಲಿ ಸೈಟಿನ ಅದೇ ಹೊಂಗೆಮರದ ಬುಡಕ್ಕೆ ಬಿಡುತ್ತಿದ್ದೆ. ಕೆಲಸ ಮುಗಿಯುತ್ತಿದ್ದಂತೆ ಅಲ್ಲೇ ‘ಟಕ್’, ಅಲ್ಲೇ ತಿಂಡಿ. ರಾತ್ರಿ ಎರಡು ಗಂಟೆಗೂ ಒಂದು ಅಲಾರಾಂ. ಪರೀಕ್ಷೆಗೂ ಆ ಹೊತ್ತಿಗೆ ಎದ್ದವಳಲ್ಲ ನಾನು! ಮನೆಯೊಳಗೆ ಗಲೀಜು ಮಾಡಿದರೆ ಕೆಲವರು ಮರಿಯ ಮೂತಿಯನ್ನು ಅದಕ್ಕೇ ಉಜ್ಜುತ್ತಾರೆ. ಅದರಿಂದ ಮರಿ ಕಲಿಯುವುದು ಒಂದೇ: ಇವರ ಎದುರಿಗೆ ಮಾಡಬಾರದು, ಮಂಚದಡಿ ಹೋಗಿ ಮಾಡಬೇಕು. ಬದಲಿಗೆ ಸೋಪಿನ ನೀರಿನಲ್ಲಿ ವಾಸನೆ ಪೂರ್ತಿ ಹೋಗುವಂತೆ ಒರೆಸಿ. ವಾಸನೆ ಉಳಿದರೆ ಮರಿಗೆ ಅದೇ ‘ಟಾಯ್ಲೆಟ್’ ಅನ್ನುವ ಬೋರ್ಡು. ಮೂರನೇ ವಾರಕ್ಕೆ ಕರಿಯ ತಾನೇ ಬಾಗಿಲ ಬಳಿ ನಿಂತು ಕುಂಯ್‌ಗುಡತೊಡಗಿದ.

ರಾತ್ರಿಯ ಕೂಗು, ಹಗಲಿನ ಹಲ್ಲು

ಮರಿ ರಾತ್ರಿ ಅಳುವುದು ಹಟದಿಂದಲ್ಲ. ನಿನ್ನೆಯವರೆಗೆ ತಾಯಿ, ಒಡಹುಟ್ಟಿದವರ ಬೆಚ್ಚಗಿನ ಗುಂಪಿನಲ್ಲಿದ್ದದ್ದು ಇವತ್ತು ಒಂಟಿ. ಮೊದಲ ವಾರ ಅದರ ರಟ್ಟಿನ ಪೆಟ್ಟಿಗೆಯನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ನಿಮ್ಮ ಹಳೆಯ ಟೀ ಶರ್ಟೊಂದನ್ನು ಒಳಗೆ ಹಾಸಿ. ಕೈ ಇಳಿಬಿಟ್ಟರೆ ಸಿಗುವಷ್ಟು ಹತ್ತಿರವಿದ್ದರೆ ಅರ್ಧ ಅಳು ನಿಲ್ಲುತ್ತದೆ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸುತ್ತಾ ಹೋಗಬಹುದು.

ಹೊಟ್ಟೆ ತುಂಬಿ, ಹೊರಗೂ ಹೋಗಿಬಂದು, ಬರೀ ಆಟಕ್ಕೆ ಕರೆಯಲು ಬೊಗಳುವುದು ಬೇರೆ. ಅದಕ್ಕೆ ಓಗೊಡಬಾರದು. ಇಲ್ಲಿ ಒಂದು ವಿಷಯ ತಿಳಿದಿರಲಿ. ಇದುವರೆಗೆ ಫಲ ಕೊಡುತ್ತಿದ್ದ ಬೊಗಳು ಇದ್ದಕ್ಕಿದ್ದಂತೆ ಫಲ ಕೊಡದಿದ್ದರೆ ಅದು ಕಡಿಮೆಯಾಗುವ ಮೊದಲು ಜೋರಾಗುತ್ತದೆ. ಲಿಫ್ಟ್ ಬರದಿದ್ದಾಗ ನಾವು ಬಟನ್ನನ್ನು ಹತ್ತು ಸಲ ಒತ್ತುವುದಿಲ್ಲವೇ, ಹಾಗೆ. ಆ ಹೊತ್ತಿಗೆ ಸೋತು ಎತ್ತಿಕೊಂಡರೆ ‘ಇಷ್ಟು ಜೋರಾಗಿ ಕೂಗಿದರೆ ಮಾತ್ರ ಬರುತ್ತಾರೆ’ ಅನ್ನುವ ಪಾಠವನ್ನು ನಾವೇ ಕಲಿಸಿದಂತೆ. ಅದು ಜೋರಾದ ಎರಡು ರಾತ್ರಿ ಅಪ್ಪ ಕೆಳಗಿಳಿದು ಹೋಗಿ “ಇನ್ನೆರಡು ದಿನ ಸಹಿಸ್ಕೊಳ್ಳಿ ಸಾರ್” ಅಂತ ಮೊದಲೇ ಹೇಳಿ ಬಂದರು. ಹೇಳಿ ಹೋದದ್ದು ಒಳ್ಳೆಯದೇ ಆಯಿತು. ಮೂರನೇ ರಾತ್ರಿಯಿಂದ ಕೂಗು ಇಳಿಯಿತು.

ಇನ್ನು ಕಚ್ಚುವುದು. ಮರಿಗೆ 28 ಹಾಲುಹಲ್ಲುಗಳು, ಒಂದೊಂದೂ ಸೂಜಿ. ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ ಅವು ಬಿದ್ದು 42 ಗಟ್ಟಿ ಹಲ್ಲು ಬರುತ್ತವೆ. ಆ ವಸಡಿನ ನವೆಗೆ ಅದು ಏನನ್ನಾದರೂ ಕಡಿಯಲೇಬೇಕು. ಹಲ್ಲಿನ ಒತ್ತಡ ಎಷ್ಟಿರಬೇಕು ಅನ್ನುವುದನ್ನು ಮರಿಗಳು ಒಡಹುಟ್ಟಿದವರೊಂದಿಗೆ ಆಡುತ್ತಲೇ ಕಲಿಯುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ. ನಾವೂ ಅಷ್ಟೇ ಮಾಡಬೇಕು. ಹಲ್ಲು ತಾಕಿದ ಕೂಡಲೇ ಆಟ ಬಂದ್, ಕೈ ಹಿಂದಕ್ಕೆ, ಅರ್ಧ ನಿಮಿಷ ಮೌನ. ಆಮೇಲೆ ಕಡಿಯಲು ಆಗುವಂಥದ್ದೇನಾದರೂ ಕೊಡಿ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರಿಜ್‌ನಲ್ಲಿಟ್ಟು ತಣ್ಣಗಾದ ಮೇಲೆ ಕೊಟ್ಟರೆ ವಸಡಿಗೆ ಹಿತ. ನುಂಗದಂತೆ ಕಣ್ಣಿಟ್ಟಿರಿ.

ಅಜ್ಜಿಯ ಸೀರೆಗೂ ಇದೇ ಸೂತ್ರ. ಜಗ್ಗಿದಾಗ “ಹಚಾ, ಹಚಾ” ಅಂತ ಕೂಗಿ ಕೋಲು ಆಡಿಸಿದರೆ ಕರಿಯನಿಗೆ ಅದೊಂದು ಭಾರೀ ಮಜದ ಆಟ. ಹಾಗಾಗಿ ಅಜ್ಜಿ ನಿಂತಲ್ಲೇ ನಿಂತು ಮುಖ ತಿರುಗಿಸಬೇಕು, ಅವನು ಸೀರೆ ಬಿಟ್ಟು ಕೂತರೆ ಮಾತ್ರ ಮಾತು, ತಿಂಡಿ ಎಂದು ನಿಯಮವಾಯಿತು. ಅದನ್ನು ಅವನು ಕಲಿಯುವವರೆಗೆ, ಅಜ್ಜಿ ನಡೆದಾಡುವ ಹೊತ್ತಿನಲ್ಲಿ ಅವನ ಹಗ್ಗ ನನ್ನ ಕೈಯಲ್ಲೇ ಇರುತ್ತಿತ್ತು.

ಒಂದೇ ಮಾತು, ಒಂದೇ ಅರ್ಥ

ನಾಯಿಗೆ ಇಂಗ್ಲಿಷೇ ಅರ್ಥವಾಗುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಜನರ ನಂಬಿಕೆ. ‘ಸಿಟ್, ಕಮ್, ಗೋ’ ಅನ್ನುವಾಗ ಹಳ್ಳಿಯ ಮಾವನೂ ಸಾಹೇಬರಾಗಿಬಿಡುತ್ತಾರೆ! ನಿಜವಾಗಿ ನಾಯಿಗೆ ಅದು ಬರೀ ಸದ್ದು. ಆ ಸದ್ದು ಚಿಕ್ಕದಾಗಿರಬೇಕು ಮತ್ತು ಮನೆಮಂದಿಯೆಲ್ಲ ಅದನ್ನೇ ಬಳಸಬೇಕು. ಒಬ್ಬರು ‘ಕೂರು’, ಇನ್ನೊಬ್ಬರು ‘ಕೂತ್ಕೋ’, ಮತ್ತೊಬ್ಬರು ‘ಸಿಟ್’ ಅಂದರೆ ಸಿಗ್ನಲ್‌ಗಿಂತ ನಾಯ್ಸ್ ಜಾಸ್ತಿ. ನಮ್ಮ ಮನೆಗೆ ನಾಲ್ಕೇ ಪದ ಗೊತ್ತು ಮಾಡಿದೆವು: ಕೂರು, ಬಾ, ನಿಲ್ಲು, ಬಿಡು.

‘ಕೂರು’ ಬಲು ಸುಲಭ. ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲೆ ಹಿಂದಕ್ಕೆ ಸರಿಸಿ. ತಲೆ ಮೇಲೆ ಹೋದಂತೆ ಹಿಂಭಾಗ ತಾನಾಗಿಯೇ ನೆಲಕ್ಕೆ ತಾಗುತ್ತದೆ. ಅದೇ ಕ್ಷಣ ‘ಟಕ್’. ಸೊಂಟ ಒತ್ತಿ ಕೂರಿಸುವ ಅಗತ್ಯವಿಲ್ಲ. ನಾಲ್ಕೈದು ಸಲ ಸರಿಯಾಗಿ ಕೂತ ಮೇಲೆ ಪದ ಸೇರಿಸಿ.

‘ಬಾ’ ಅನ್ನುವುದು ಪ್ರಾಣ ಉಳಿಸುವ ಪದ. ಗೇಟು ತೆರೆದಿದ್ದು ರಸ್ತೆಯಲ್ಲಿ ಬಸ್ಸು ಬರುತ್ತಿರುವಾಗ ಕೆಲಸಕ್ಕೆ ಬರುವುದು ಇದೊಂದೇ. ಆದ್ದರಿಂದ ‘ಬಾ’ ಎಂದು ಕರೆದು ಎಂದೂ ಬೈಯಬೇಡಿ, ಸ್ನಾನ ಮಾಡಿಸಬೇಡಿ, ಔಷಧಿ ಕುಡಿಸಬೇಡಿ. ಅವಕ್ಕೆಲ್ಲ ನೀವೇ ಎದ್ದು ಹೋಗಿ ಕರೆತನ್ನಿ. ‘ಬಾ’ ಅಂದಾಗಲೆಲ್ಲ ಒಳ್ಳೆಯದೇ ಆಗಬೇಕು. ‘ಬಿಡು’ ಕಲಿಸುವಾಗ ಬಾಯಿಂದ ಕಿತ್ತುಕೊಳ್ಳಬೇಡಿ, ಅದಕ್ಕಿಂತ ರುಚಿಯಾದದ್ದನ್ನು ತೋರಿಸಿ ಅದಲುಬದಲು ಮಾಡಿ.

ಪಾಠ ಐದು ನಿಮಿಷ ದಾಟಬಾರದು, ದಿನಕ್ಕೆ ಮೂರು ಸಲ ಸಾಕು. ಪಾಠ ಪಕ್ಕಾ ಆದ ಮೇಲೆ ಪ್ರತಿ ಸಲವೂ ತಿಂಡಿ ಕೊಡಬೇಕಿಲ್ಲ. ಒಮ್ಮೆ ತಿಂಡಿ, ಒಮ್ಮೆ ಬೆನ್ನು ಸವರುವುದು, ಒಮ್ಮೆ ಏನೂ ಇಲ್ಲ. ಯಾವಾಗ ಸಿಗುತ್ತದೆ ಅಂತ ಗೊತ್ತಿಲ್ಲದಿದ್ದರೆ ಪ್ರಯತ್ನ ಇನ್ನೂ ಜೋರಾಗುತ್ತದೆ ಎಂದು ಸ್ಕಿನ್ನರ್ ಪ್ರಯೋಗಗಳೇ ತೋರಿಸಿವೆ. ರೀಲ್ಸ್ ಮೇಲಕ್ಕೆ ತಳ್ಳುತ್ತಾ ಕೂರುವ ನಮಗೆ ಇದನ್ನು ಬೇರೆ ವಿವರಿಸಬೇಕೇ?

ತಿಂಡಿಯಲ್ಲೂ ಎಚ್ಚರ ಬೇಕು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಉಳಿದ ಸಾಂಬಾರು ಅನ್ನ ಹಾಕುವ ಮನೆಗಳು ಇದನ್ನು ಗಮನಿಸಬೇಕು. ಬೇಯಿಸಿದ ಮೊಟ್ಟೆ, ಕೋಳಿಯ ಚೂರು, ಕ್ಯಾರೆಟ್ ಆಗಬಹುದು.

ಹೊಡೆತದ ಪಾಠ ಯಾಕೆ ಬೇಡ?

“ನಾಯಿಗೆ ನೀನೇ ಯಜಮಾನ ಅಂತ ತೋರಿಸ್ಬೇಕು, ಎರಡು ಬಿಗಿ” ಅನ್ನುವ ಸಲಹೆ ಅಕ್ಕಪಕ್ಕದಿಂದ ಧಾರಾಳವಾಗಿ ಸಿಗುತ್ತದೆ. ಇದರ ಹಿಂದೆ ‘ಆಲ್ಫಾ ತೋಳ’ದ ಕತೆಯಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದದ್ದು ಸೆರೆಯಲ್ಲಿಟ್ಟಿದ್ದ ತೋಳಗಳನ್ನು ನೋಡಿ. ಗುಂಪಿನ ನಾಯಕತ್ವಕ್ಕೆ ಅವು ಕಾದಾಡುತ್ತವೆ ಎಂಬ ಚಿತ್ರ ಅಲ್ಲಿಂದ ಬಂತು. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದರು. ಆದರೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ಅವರೇ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮಕ್ಕಳಿರುವ ಒಂದು ಸಂಸಾರ. ಅಲ್ಲಿ ನಾಯಕರು ಹೆತ್ತವರು. ವಿಜ್ಞಾನಿ ತಿದ್ದಿಕೊಂಡರೂ ನಮ್ಮ ಬೀದಿಯ ಸಲಹೆಗಾರರು ತಿದ್ದಿಕೊಂಡಿಲ್ಲ!

ಹೊಡೆತಕ್ಕೆ ಹೆದರಿ ನಾಯಿ ಸುಮ್ಮನಾಗಬಹುದು. ಆದರೆ ಗುರ್ ಅನ್ನುವುದನ್ನೇ ಹೊಡೆದು ಬಿಡಿಸಿದರೆ, ಅದು ಮುಂದೆ ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚಬಹುದು. ಅಷ್ಟೇ ಅಲ್ಲ, ಪ್ರಾಣಿಯನ್ನು ಹೊಡೆದು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಜಗತ್ತನ್ನು ಪರಿಚಯಿಸುವ ವಯಸ್ಸು

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವ ಗಾದೆ ಮಾತ್ರ ನಾಯಿಗಳ ವಿಷಯದಲ್ಲಿ ನೂರಕ್ಕೆ ನೂರು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು 3ರಿಂದ 12 ವಾರದವರೆಗಿನ ಅವಧಿ ಮರಿಯ ಮನಸ್ಸು ತೆರೆದಿರುವ ಕಾಲ. ಆಗ ಕಂಡದ್ದು, ಕೇಳಿದ್ದು ಮುಂದೆ ಭಯ ಹುಟ್ಟಿಸುವುದಿಲ್ಲ. ಕುಕ್ಕರ್ ಸೀಟಿ, ಮಿಕ್ಸಿ, ಆಟೊ ಹಾರ್ನ್, ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಮಕ್ಕಳು, ಕೋಲು ಹಿಡಿದ ಅಜ್ಜಂದಿರು, ಎಲ್ಲವನ್ನೂ ದೂರದಿಂದ, ತಿಂಡಿಯೊಂದಿಗೆ, ನಿಧಾನವಾಗಿ ಪರಿಚಯಿಸಬೇಕು.

ಆದರೆ ಈ ವಯಸ್ಸಿಗೆ ಲಸಿಕೆಗಳು ಪೂರ್ತಿಯಾಗಿರುವುದಿಲ್ಲ. ಪಾರ್ವೊ, ಡಿಸ್ಟೆಂಪರ್‌ನಂಥ ರೋಗಗಳು ಮರಿಗಳ ಜೀವ ತೆಗೆಯುತ್ತವೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರ್ನಾಲ್ಕು ವಾರಕ್ಕೊಮ್ಮೆ ಬೂಸ್ಟರ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ಸಲೀಸಾಗಿ ಬಿಡಬೇಡಿ. ಹೊರಗಿನದನ್ನು ಎತ್ತಿಕೊಂಡೇ ತೋರಿಸಬಹುದು. ನಾನು ಸಂಜೆ ಕರಿಯನನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಇಬ್ಬರಿಗೂ ಟೈಂಪಾಸ್. ನಾಯಿ ಯಾವುದೇ ಇರಲಿ, ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವ ಆಸೆ ಇಲ್ಲವೆಂದೇ ಹೇಳಬೇಕು.

ತರುವ ಮೊದಲು ಕೇಳಿಕೊಳ್ಳಿ

ಬೀದಿನಾಯಿಗೆ ಏನು ಬುದ್ಧಿ ಬರುತ್ತೆ ಅನ್ನುವವರಿಗೆ ನಮ್ಮ ನೆಲದ ನಾಯಿಗಳ ಬಗ್ಗೆ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯ ಚಿತ್ರವಿರುವ ಅಂಚೆಚೀಟಿ 2005ರಲ್ಲೇ ಬಂದಿದೆ. 2016ರಲ್ಲಿ ಮೀರಠ್‌ನ ಸೇನಾ ಕೇಂದ್ರದಲ್ಲಿ ಈ ತಳಿಗೆ ತರಬೇತಿ ಶುರುವಾಯಿತು. ಸೇನೆಯ ಪಾಠಕ್ಕೆ ನಮ್ಮ ದೇಶದ ನಾಯಿ ಆಗುವುದಾದರೆ, ನಾಲ್ಕು ಪದ ಕಲಿಯಲು ಕರಿಯನಿಗೇನು ಕಷ್ಟ? ಹಾಗಂತ ಮುಧೋಳ ಮರಿಯನ್ನು ಫ್ಲ್ಯಾಟಿಗೆ ತರಲು ಓಡಬೇಡಿ. ಅದು ಬಯಲಲ್ಲಿ ಬೇಟೆ ಅಟ್ಟಿಸಿಕೊಂಡು ಓಡಲೆಂದೇ ಬೆಳೆದ ತಳಿ, ಅದಕ್ಕೆ ಓಟ ಬೇಕು. ಹಸ್ಕಿಗೆ ಚಳಿ ಬೇಕು. ತಳಿಯ ನಾಯಿಯೇ ಬೇಕೆಂದರೆ, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎನ್ನುತ್ತವೆ 2017ರ ನಿಯಮಗಳು. ಅದಕ್ಕಿಂತ ಚಿಕ್ಕದನ್ನು ಕೈಗಿಡುವವರಿಂದ ದೂರವಿರಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಮ್ಮ ವಯಸ್ಸಿನವರದೇ. ನಾಯಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ನಮ್ಮ ಬಿಇ ನಾಲ್ಕೇ ವರ್ಷ. ಪ್ಲೇಸ್‌ಮೆಂಟ್ ಪುಣೆಗೋ ಹೈದರಾಬಾದಿಗೋ ಆದರೆ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ಕರಿಯನನ್ನು ಉಳಿಸಿಕೊಳ್ಳುವ ಮೊದಲು ಅಮ್ಮ ನನ್ನನ್ನು ಕೇಳಿದ್ದು ಇದನ್ನೇ. “ನಂಗೆ ಕೆಲಸ ಸಿಕ್ಕಿದ ಮೊದಲ ತಿಂಗಳಿಂದ ಅವನ ಖರ್ಚು ನಂದು, ಅಲ್ಲಿಯವರೆಗೆ ಬೆಳಗಿನ ಆರು ಗಂಟೆ ವಾಕಿಂಗ್ ನಂದು” ಅಂತ ಒಪ್ಪಂದವಾಯಿತು. ತಮ್ಮನೂ ಸಂಜೆಯ ಪಾಳಿಗೆ ಸಹಿ ಹಾಕಿದ್ದಾನೆ. ಇಂಥದ್ದೊಂದು ಮಾತುಕತೆ ಮನೆಯಲ್ಲಿ ಆಗದೆ ಮರಿ ತರಬೇಡಿ. ಹಾಸ್ಟೆಲ್, ಪಿಜಿಗಂತೂ ಬೇಡವೇ ಬೇಡ.

ನಾಲ್ಕು ವಾರವಾದ ಮೇಲೆ ಬಾಡಿಗೆ ಕೊಡಲು ಹೋದಾಗ ಓನರ್ ಅಂಕಲ್ ದುಡ್ಡು ಎಣಿಸಿಕೊಂಡರು, ನಾಯಿಯ ಸುದ್ದಿ ಎತ್ತಲಿಲ್ಲ. ಮೌನವೇ ಒಪ್ಪಿಗೆ ಅಂತ ನಾವು ಮೇಲೆ ಬಂದೆವು. ಕರಿಯ ಈಗಲೂ ಕೊರಿಯರ್ ಹುಡುಗನಿಗೆ ಬೊಗಳುತ್ತಾನೆ, ಮೋಡ ಗುಡುಗಿದರೆ ಮಂಚದಡಿ ಸೇರುತ್ತಾನೆ. ಅವೆರಡೂ ಮುಂದಿನ ಪಾಠಗಳು. ಆದರೆ ಅಜ್ಜಿ ಕೋಲೂರಿಕೊಂಡು ಎದ್ದು “ಕೂರೋ ಮಗಾ” ಅಂದರೆ ಕೂರುತ್ತಾನೆ, ಅವರು ಬಾಗಿಲು ದಾಟುವವರೆಗೂ ಏಳುವುದಿಲ್ಲ. ಅಮ್ಮನಿಗೆ ಅಷ್ಟೇ ಸಾಕಾಗಿದೆ. ಆರನೇ ಸೆಮಿಸ್ಟರ್ ಶುರುವಾಗಿದೆ, ಬಟನ್ ಪೆನ್ನು ಮತ್ತೆ ಕ್ಲಾಸಿಗೆ ಬಂದಿದೆ. ಲೆಕ್ಚರರ್ ಪಾಠ ಮಾಡುವಾಗ ಯಾರಾದರೂ ‘ಟಕ್’ ಅನ್ನಿಸಿದರೆ ನನಗೀಗ ನಗು ತಡೆಯಲಾಗುವುದಿಲ್ಲ!